ಲಾಗರ್ ಬಿಯರ್‌ನಿಂದ ಬಂಗುಡೆ ಪೆಟ್ಟಿಗೆಯವರೆಗೆ: ಐಸ್ ಗಡ್ಡೆಯ ಲೆಕ್ಕ

ಶಿವಮೊಗ್ಗದಲ್ಲಿ ಬಂಗುಡೆ ಕೊಳ್ಳುವವರು ಕಿವಿರು ಎತ್ತಿ ನೋಡುತ್ತಾರೆ, ಕಣ್ಣು ನೋಡುತ್ತಾರೆ, ಬೆರಳಲ್ಲಿ ಒತ್ತಿಯೂ ನೋಡುತ್ತಾರೆ. ಪೆಟ್ಟಿಗೆಯ ತಳದಲ್ಲಿ ಐಸ್ ಎಷ್ಟು ಉಳಿದಿದೆ ಎಂದು ಮಾತ್ರ ಯಾರೂ ನೋಡುವುದಿಲ್ಲ. ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿ, ಸಾಗರ ಪಟ್ಟಣದ ಮೇಲೆ ಬರುವ ಸುಮಾರು 160 ಕಿ.ಮೀ. ದಾರಿಯಲ್ಲಿ ಮೀನನ್ನು ಕಾಯುವುದು ಅದೊಂದೇ. ಮೀನಿನ ನಡುವೆ ಇನ್ನೂ ಐಸ್ ಚೂರು ಇದ್ದರೆ ಆ ಮೀನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಬಂದಿದೆ ಎಂದು ನಂಬಬಹುದು. ಬರೀ ನೀರಿದ್ದರೆ ಆ ಐಸ್ ಸಾಗರದಲ್ಲಿ ಕರಗಿತೋ ಘಾಟಿಯಲ್ಲೇ ಕರಗಿತೋ ಹೇಳುವವರಿಲ್ಲ.

ಈ ಗಡ್ಡೆ ಹುಟ್ಟಿದ್ದು ಮೀನಿಗಾಗಿ ಅಲ್ಲ, ಶರಬತ್ತಿಗಾಗಿಯೂ ಅಲ್ಲ. ಯಂತ್ರದಿಂದ ಚಳಿ ತೆಗೆಯುವ ವಿದ್ಯೆಗೆ ಮೊದಮೊದಲು ದೊಡ್ಡ ದುಡ್ಡು ಸುರಿದವರ ಸಾಲಿನಲ್ಲಿ ಮುಂದೆ ನಿಂತವರು ಬಿಯರ್ ಮಾಡುವವರು, ಅದರಲ್ಲೂ ಜರ್ಮನಿಯವರು ಮತ್ತು ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದವರು. ಅವರಲ್ಲಿ ಒಬ್ಬನ ದಾರಿ ಹಿಡಿದು ಹೋದರೆ ನಮ್ಮ ಐಸ್ ಪ್ಲಾಂಟಿನ ಒಂದೊಂದು ಭಾಗವೂ ಯಾಕೆ ಹಾಗಿದೆ ಎಂಬುದು ತಿಳಿಯುತ್ತದೆ.

ಅವನ ಹೆಸರು ಅಡಾಲ್ಫಸ್ ಬುಶ್. ರೈನ್ ನದಿಯ ದಡದಲ್ಲಿ, ಮೈಂಜ್ ಊರಿನ ಎದುರಿಗಿರುವ ಕಾಸ್ಟೆಲ್‌ನಲ್ಲಿ 1839ರಲ್ಲಿ ಹುಟ್ಟಿದ. 22 ಮಕ್ಕಳಲ್ಲಿ 21ನೆಯವನು. ಅಪ್ಪನ ಆಸ್ತಿಯಲ್ಲಿ ಪಾಲು ಎಷ್ಟು ಬಂದೀತು ಎಂದು ಲೆಕ್ಕ ಹಾಕಲು ದೊಡ್ಡ ಗಣಿತವೇನೂ ಬೇಡ. 1857ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಸೇರಿದ. ಮೊದಲು ಮಾಡಿದ್ದು ಬಿಯರ್ ಅಲ್ಲ, ಬಿಯರ್ ಮಾಡುವವರಿಗೆ ಬೇಕಾದ ಸಾಮಾನಿನ ವ್ಯಾಪಾರ. 1861ರಲ್ಲಿ ಲಿಲ್ಲಿ ಆನ್‌ಹೈಸರ್‌ಳನ್ನು ಮದುವೆಯಾದ. ಅವಳ ತಂದೆ ಎಬರ್‌ಹಾರ್ಡ್ ಆನ್‌ಹೈಸರ್ ಸಾಬೂನು ಮಾಡಿ ದುಡ್ಡು ಕಂಡವನು, ಸೋಲುತ್ತಿದ್ದ ಒಂದು ಬ್ರೂವರಿ, ಅಂದರೆ ಬಿಯರ್ ಕಾರ್ಖಾನೆ, ಅವನ ಕೈಗೆ ಬಂದಿತ್ತು. ಅಳಿಯ ಅದರೊಳಗೆ ಕಾಲಿಟ್ಟ. 1879ರಲ್ಲಿ ಕಂಪನಿಗೆ ಇಬ್ಬರ ಹೆಸರೂ ಸೇರಿತು. 1880ರಲ್ಲಿ ಮಾವ ತೀರಿಕೊಂಡ ಮೇಲೆ ಯಜಮಾನಿಕೆ ಪೂರ್ತಿ ಬುಶ್‌ನದಾಯಿತು. 1901ರ ಹೊತ್ತಿಗೆ ವರ್ಷಕ್ಕೆ ಹತ್ತು ಲಕ್ಷ ಬ್ಯಾರಲ್ ದಾಟಿತ್ತು.

ಬುಶ್ ಐಸ್ ಯಂತ್ರ ಕಂಡುಹಿಡಿದವನಲ್ಲ. ಬಿಯರಿನ ಹೊಸ ರುಚಿ ಕಂಡುಹಿಡಿದವನೂ ಅಲ್ಲ. ಚಳಿ ಮಾಡುವುದಕ್ಕಿಂತ ಮಾಡಿದ ಚಳಿಯನ್ನು ದಾರಿಯಲ್ಲಿ ಕಳೆದುಕೊಳ್ಳದಿರುವುದೇ ದೊಡ್ಡ ಕೆಲಸ ಎಂಬುದು ಅವನಿಗೆ ಹೊಳೆದಿತ್ತು. ಘಟ್ಟದ ಮೇಲಿನ ಮೀನು ವ್ಯಾಪಾರ ಇಂದಿಗೂ ಏಗುತ್ತಿರುವುದು ಅದೇ ಕೆಲಸದ ಜೊತೆ.

ಮೊದಲು ಬಿಯರಿಗೆ ಚಳಿ ಯಾಕೆ ಬೇಕು ನೋಡೋಣ. ಲಾಗರ್ ಎಂಬ ಜಾತಿಯ ಬಿಯರನ್ನು ಹುದುಗಿಸುವ ಯೀಸ್ಟು 8ರಿಂದ 12 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಧಾನವಾಗಿ ಕೆಲಸ ಮಾಡಿ ತಳಕ್ಕೆ ಕೂರುತ್ತದೆ. ಏಳರಿಂದ ಹತ್ತು ದಿನ ಹುದುಗು, ಆಮೇಲೆ ಸೊನ್ನೆಯಿಂದ 2 ಡಿಗ್ರಿಯಲ್ಲಿ ವಾರಗಟ್ಟಲೆ, ಹಿಂದಿನ ಕಾಲದಲ್ಲಿ ತಿಂಗಳುಗಟ್ಟಲೆ ದಾಸ್ತಾನು. ಜರ್ಮನ್ ಭಾಷೆಯಲ್ಲಿ ಲಾಗರ್ ಎಂದರೆ ಉಗ್ರಾಣವೇ. ತಾಪ ಏರಿದರೆ ಬೇರೆ ಸೂಕ್ಷ್ಮಾಣುಗಳು ನುಗ್ಗುತ್ತವೆ, ಬಿಯರ್ ಹುಳಿಯಾಗುತ್ತದೆ. ಅದಕ್ಕೇ ಬವೇರಿಯಾದಲ್ಲಿ 1553ರ ಕಟ್ಟಳೆಯ ಪ್ರಕಾರ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಬೇಯಿಸುವಂತಿರಲಿಲ್ಲ. ಸೆಕೆಗಾಲದಲ್ಲಿ ಬ್ರೂವರಿಗೆ ಬೀಗ.

ಈಗ ಲೆಕ್ಕ. ಒಂದು ಕೆ.ಜಿ. ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಒಂದು ಕೆ.ಜಿ. ಐಸ್ ಕರಗಲು 80 ಬೇಕು. ಆ 80ರಲ್ಲೇ ಐಸಿನ ಸತ್ವವೆಲ್ಲ ಇರುವುದು. ಕುದಿಸಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರಸವನ್ನು ಗಾಳಿಯಲ್ಲಿ, ಬಾವಿನೀರಿನಲ್ಲಿ 30 ಡಿಗ್ರಿವರೆಗೆ ಆರಿಸಬಹುದು. ಅಲ್ಲಿಂದ 8ಕ್ಕೆ ಇಳಿಸಲು 1000 ಲೀಟರಿಗೆ ಸುಮಾರು 22,000 ಕಿಲೋಕ್ಯಾಲರಿ ತೆಗೆಯಬೇಕು, ಅಂದರೆ 275 ಕೆ.ಜಿ. ಐಸ್. ಹುದುಗುವಾಗ ಯೀಸ್ಟು ತಾನೇ ಬಿಸಿ ಬಿಡುತ್ತದೆ: ಒಂದು ಕೆ.ಜಿ. ಸಕ್ಕರೆ ಅಂಶ ಹುದುಗಿದರೆ ಸುಮಾರು 140 ಕಿಲೋಕ್ಯಾಲರಿ. 1000 ಲೀಟರ್ ರಸದಲ್ಲಿ ಹುದುಗುವ ಅಂಶ 80 ಕೆ.ಜಿ. ಎಂದಿಟ್ಟುಕೊಂಡರೆ ಇನ್ನೊಂದು 140 ಕೆ.ಜಿ. ಐಸ್. ಉಗ್ರಾಣದಲ್ಲಿ ತಿಂಗಳುಗಟ್ಟಲೆ ಗೋಡೆಯಿಂದ ಜಿನುಗುವ ಬಿಸಿಯನ್ನು ಇನ್ನೂ ಸೇರಿಸಿಲ್ಲ. ಸಾವಿರ ಲೀಟರಿಗೆ ಅರ್ಧ ಟನ್ ಐಸ್ ಅಂತೂ ಗಂಟಲಿಗಿಳಿಯದೇ ಹೋಗುತ್ತಿತ್ತು.

ಸೇಂಟ್ ಲೂಯಿಸ್‌ನಲ್ಲಿ ಜರ್ಮನ್ ಬ್ರೂವರಿಗಳು ಬೇರೂರಲು ಕಾರಣವೇ ನೆಲದ ಕೆಳಗಿನ ಸುಣ್ಣಕಲ್ಲಿನ ಗುಹೆಗಳು. ಚಳಿಗಾಲದಲ್ಲಿ ಮಿಸಿಸಿಪ್ಪಿ ನದಿಯ ಮೇಲೆ ಹೆಪ್ಪುಗಟ್ಟಿದ ಐಸನ್ನು ಗರಗಸದಲ್ಲಿ ಕೊಯ್ದು ಗುಹೆಗೆ ತುಂಬಿದರೆ ಬೇಸಿಗೆಗೂ ಒದಗುತ್ತಿತ್ತು. ಚಳಿಗಾಲ ಬೆಚ್ಚಗಾದ ವರ್ಷ ಐಸಿನ ಬೆಲೆ ಗಗನಕ್ಕೆ.

ನಮ್ಮ ದೇಶಕ್ಕೂ ಆ ಕೊಯ್ದ ಐಸೇ ಮೊದಲು ಬಂದದ್ದು. 1833ರಲ್ಲಿ ಬೋಸ್ಟನ್‌ನ ಫ್ರೆಡರಿಕ್ ಟ್ಯೂಡರ್ ಹಡಗಿಗೆ 180 ಟನ್ ತುಂಬಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪಯಣದ ನಂತರವೂ ಸುಮಾರು 100 ಟನ್ ಉಳಿದಿತ್ತು. ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ ಬಂದ ಐಸು! ಉಳಿಸಿದ್ದು ಗರಗಸದ ಮರದ ಹೊಟ್ಟು ಮತ್ತು ಸಂದಿಯಿಲ್ಲದಂತೆ ಒತ್ತಾಗಿ ಜೋಡಿಸಿದ ರೀತಿ. ಚೆನ್ನೈ ಕಡಲ ದಡದಲ್ಲಿ ಅವನು ಕಟ್ಟಿಸಿದ ಐಸ್ ಹೌಸ್ ಇಂದಿಗೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಕಾರಣ ಅದಕ್ಕೀಗ ಅವರ ಹೆಸರು.

ಬಿಯರ್ ಮಾಡಲು ಬಂದ ಬ್ರಿಟಿಷರು ತಂಪು ಹುಡುಕಿ ಬೆಟ್ಟ ಹತ್ತಿದರು. 1857ರ ಕ್ಯಾಸಲ್ ಬ್ರೂವರಿ ನೀಲಗಿರಿಯದು. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ 1915ರಲ್ಲಿ ಕೂಡಿಸಿಕೊಂಡ ಹಳೆಯ ಬ್ರೂವರಿಗಳಲ್ಲಿ ಅದೂ ಒಂದು. ಹಾಗಾದರೆ ಆಗುಂಬೆಗೆ ಯಾಕೆ ಬರಲಿಲ್ಲ ಎಂದು ಕೇಳಬಹುದು. ಮಲೆನಾಡಿನ ಮಳೆತಂಪು ಬೇರೆ, ಲಾಗರ್ ಕೇಳುವ ಚಳಿ ಬೇರೆ. ಮೈ ನಡುಗಿಸುವ ಆಷಾಢದಲ್ಲೂ ಇಲ್ಲಿ ನೆಲಮಾಳಿಗೆ 20 ಡಿಗ್ರಿಯ ಕೆಳಗೆ ಇಳಿಯುವುದು ಕಷ್ಟ.

ಯಂತ್ರದ ಕಡೆ ಬರೋಣ. ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರಲ್ಲಿ ಅಮೋನಿಯಾವನ್ನು ನೀರಿನಲ್ಲಿ ಹೀರಿಸಿ, ಮತ್ತೆ ಕಾಯಿಸಿ ಬಿಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಆವಿಯನ್ನು ಒತ್ತುವ ಕಂಪ್ರೆಸರ್ ಬೇಡ, ಬೆಂಕಿ ಸಾಕು. ಮ್ಯೂನಿಕ್‌ನ ಪ್ರೊಫೆಸರ್ ಕಾರ್ಲ್ ಲಿಂಡೆಗೆ ದುಡ್ಡೂ ಪ್ರಯೋಗಕ್ಕೆ ಜಾಗವೂ ಸಿಕ್ಕಿದ್ದು ಸ್ಪಾಟೆನ್ ಬ್ರೂವರಿಯ ಗಾಬ್ರಿಯೆಲ್ ಸೆಡಲ್‌ಮಾಯರ್‌ನಿಂದ. 1873ರ ಮೊದಲ ಯಂತ್ರ ಡೈಮೀಥೈಲ್ ಈಥರ್‌ನಲ್ಲಿ ಓಡಿತು. 1876ರ ಎರಡನೆಯದು ಅಮೋನಿಯಾದಲ್ಲಿ. 1879ರಲ್ಲಿ ಲಿಂಡೆ ಪಾಠ ಹೇಳುವುದು ಬಿಟ್ಟು ಐಸ್ ಯಂತ್ರಗಳ ಕಂಪನಿಯನ್ನೇ ತೆರೆದ. ಇಂದು ನಮ್ಮ ಕರಾವಳಿಯಲ್ಲಾಗಲಿ ಘಟ್ಟದ ಮೇಲಾಗಲಿ ಇರುವ ಐಸ್ ಪ್ಲಾಂಟುಗಳು ಮೂಲದಲ್ಲಿ ಆ ಎರಡನೆಯ ಯಂತ್ರದ ಮೊಮ್ಮಕ್ಕಳೇ.

ಅಮೋನಿಯಾ ಯಾಕೆ? ಬಯಲು ಗಾಳಿಯ ಒತ್ತಡದಲ್ಲಿ ಅದು ಮೈನಸ್ 33 ಡಿಗ್ರಿಯಲ್ಲಿ ಕುದಿಯುತ್ತದೆ. ಕುದಿಯುವಾಗ ಒಂದು ಕೆ.ಜಿ.ಗೆ 300ಕ್ಕೂ ಹೆಚ್ಚು ಕಿಲೋಕ್ಯಾಲರಿ ಎಳೆದುಕೊಳ್ಳುತ್ತದೆ. ಐಸ್ ಪ್ಲಾಂಟಿನಲ್ಲಿ ಅದನ್ನು ಮೈನಸ್ 15ರ ಆಸುಪಾಸಿನಲ್ಲಿ ಕುದಿಸುತ್ತಾರೆ; ಆಗ ಸಕ್ಷನ್ ಗೇಜು, ಅಂದರೆ ಕಂಪ್ರೆಸರ್ ಆವಿ ಎಳೆದುಕೊಳ್ಳುವ ಬದಿಯ ಒತ್ತಡದ ಮಾಪಕ, ಸುಮಾರು 1.4 ಬಾರ್ ತೋರಿಸುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ತಣ್ಣೀರು ಬೀಳುವ ಪೈಪುಗಳಲ್ಲಿ 35 ಡಿಗ್ರಿಯಲ್ಲಿ ದ್ರವವಾಗಬೇಕಾದರೆ ಆವಿ ಹೊರತಳ್ಳುವ ಬದಿಯ ಡಿಸ್ಚಾರ್ಜ್ ಗೇಜು ಸುಮಾರು 12.5 ಬಾರ್ ಇರಬೇಕು. ಈ ಎರಡು ಮುಳ್ಳು ನೋಡಿಯೇ ಅನುಭವಸ್ಥ ಆಪರೇಟರ್ ಪ್ಲಾಂಟಿನ ಆರೋಗ್ಯ ಹೇಳಬಲ್ಲ. ಪೈಪು, ವಾಲ್ವು ಎಲ್ಲ ಕಬ್ಬಿಣ, ಉಕ್ಕು. ತಾಮ್ರ, ಹಿತ್ತಾಳೆ ಸೇರಿಸಿದರೆ ತೇವ ಸೇರಿದ ಅಮೋನಿಯಾ ಅದನ್ನು ತಿಂದುಹಾಕುತ್ತದೆ. ಫ್ರಿಜ್ ರಿಪೇರಿ ಮಾಡುವವರು ರೂಢಿಯಂತೆ ತಾಮ್ರದ ಪೈಪು ಹಿಡಿದು ಬಂದರೆ ಬಾಗಿಲಲ್ಲೇ ತಡೆಯಬೇಕು.

ನಡುವೆ ಒಂದು ಮಾತು. ಮನೆಗೆ ಎ.ಸಿ. ಕೊಳ್ಳುವಾಗ ಒಂದೂವರೆ ಟನ್ ಬೇಕೋ ಎರಡು ಟನ್ ಬೇಕೋ ಎಂದು ಅಂಗಡಿಯವರು ಕೇಳುತ್ತಾರಲ್ಲ, ಆ ಟನ್ ತೂಕ ಇದೇ ಐಸಿನದು. 907 ಕೆ.ಜಿ.ಯ ಅಮೆರಿಕನ್ ಟನ್ ಐಸು 24 ಗಂಟೆಯಲ್ಲಿ ಕರಗಿದರೆ ಎಷ್ಟು ಶಾಖ ಹೀರುತ್ತದೋ ಅಷ್ಟು, ಅಂದರೆ ಗಂಟೆಗೆ ಸುಮಾರು 3024 ಕಿಲೋಕ್ಯಾಲರಿ. ಐಸ್ ಕೊಂಡು ತಂಪು ಮಾಡುತ್ತಿದ್ದ ಕಾಲದವರಿಗೆ ಯಂತ್ರ ಮಾರಲು ಬೇರೆ ಅಳತೆ ಅರ್ಥವಾಗುತ್ತಿರಲಿಲ್ಲ.

ಹಾಗೆಂದು ಒಂದು ಟನ್ ಯಂತ್ರ ದಿನಕ್ಕೆ ಒಂದು ಟನ್ ಐಸ್ ಕೊಡುವುದಿಲ್ಲ, ಹೊಸಬರು ಎಡವುವುದು ಇಲ್ಲೇ. ನೀರು ಬರುವುದು 30 ಡಿಗ್ರಿಯಲ್ಲಿ: ಸೊನ್ನೆಗೆ ಇಳಿಸಲು ಕೆ.ಜಿ.ಗೆ 30, ಹೆಪ್ಪುಗಟ್ಟಿಸಲು 80, ಗಡ್ಡೆಯನ್ನು ಮೈನಸ್ 8ಕ್ಕೆ ಒಯ್ಯಲು 4. ಒಟ್ಟು 114. ಗೋಡೆ, ಮುಚ್ಚಳ, ಮೋಟಾರುಗಳಿಂದ ಬರುವ ಬಿಸಿ ಸೇರಿ 135 ಅಂತಿಟ್ಟುಕೊಳ್ಳಬೇಕು. ದಿನಕ್ಕೆ 10 ಟನ್ ಐಸಿನ ಪ್ಲಾಂಟಿಗೆ ಹೆಚ್ಚುಕಡಿಮೆ 19 ಟನ್ ಸಾಮರ್ಥ್ಯದ ಕಂಪ್ರೆಸರ್ ಬೇಕು. ಕರೆಂಟ್ ಖರ್ಚು ನಮ್ಮ ಹವೆಯಲ್ಲಿ ಟನ್ನಿಗೆ 55ರಿಂದ 70 ಯೂನಿಟ್.

ಗಡ್ಡೆ ಹುಟ್ಟುವುದು ಬ್ರೈನ್ ತೊಟ್ಟಿಯಲ್ಲಿ. ಬ್ರೈನ್ ಅಂದರೆ ಉಪ್ಪುನೀರು. ಸಾವಿರ ಲೀಟರ್ ಬ್ರೈನಿಗೆ 230 ಕೆ.ಜಿ. ಉಪ್ಪು, ತೂಕದಲ್ಲಿ ನೂರಕ್ಕೆ 20. ಸಾಂದ್ರತೆಯ ಮಾಪಕ 1.15 ತೋರಿಸಬೇಕು. ಅಷ್ಟಿದ್ದರೆ ಮೈನಸ್ 16ರವರೆಗೂ ಅದು ಹೆಪ್ಪುಗಟ್ಟುವುದಿಲ್ಲ. ಓಡಿಸುವುದು ಮೈನಸ್ 10ರಲ್ಲಿ. ಉಪ್ಪು ಕಡಿಮೆಯಾದರೆ ಬ್ರೈನನ್ನು ತಣಿಸುವ ಅಮೋನಿಯಾ ಕಾಯಿಲಿನ (ಪೈಪಿನ ಸುರುಳಿಯ) ಮೈಮೇಲೆ ಐಸ್ ಪದರ ಕಟ್ಟುತ್ತದೆ. ಕಾಯಿಲು ಕಂಬಳಿ ಹೊದ್ದಂತೆ. ಯಂತ್ರ ಓಡುತ್ತಲೇ ಇರುತ್ತದೆ, ಸಕ್ಷನ್ ಒತ್ತಡ ಇಳಿಯುತ್ತಲೇ ಇರುತ್ತದೆ, ಬ್ರೈನ್ ಮಾತ್ರ ತಣ್ಣಗಾಗುವುದಿಲ್ಲ. ಇಂಥದ್ದಕ್ಕೆ ಗ್ಯಾಸ್ ಕಮ್ಮಿಯಾಗಿದೆ ಎಂದು ಅಮೋನಿಯಾ ತುಂಬಿಸುವುದು ಸಾಮಾನ್ಯ ತಪ್ಪು. ಮೊದಲು ಮಾಪಕ ಮುಳುಗಿಸಿ ನೋಡಬೇಕು. ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಮುಚ್ಚಳ ತೆಗೆದಾಗಲೆಲ್ಲ ಗಾಳಿಯ ತೇವ ತಣ್ಣನೆಯ ಬ್ರೈನಿನ ಮೇಲೆ ನೀರಾಗಿ ಇಳಿದು ಅದನ್ನು ತೆಳುವಾಗಿಸುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಜುಲೈ ಗಾಳಿಗೆ ತೇವ ಹೇಳಿಕೊಡಬೇಕಾಗಿಲ್ಲ.

ತೊಟ್ಟಿಯೊಳಗೆ ಇಳಿಬಿಟ್ಟ ತಗಡಿನ ಕ್ಯಾನುಗಳು. ಗಾಲ್ವನೈಸ್ ಮಾಡಿದ ಉಕ್ಕು, ಬಾಯಿ ಅಗಲ, ತಳ ಸ್ವಲ್ಪ ಕಿರಿದು. ಇಲ್ಲದಿದ್ದರೆ ಗಡ್ಡೆ ಜಾರಿ ಹೊರಬರುವುದಿಲ್ಲ. ಮೇಲೆ ಹತ್ತನೆಯ ಒಂದು ಭಾಗ ಖಾಲಿ ಬಿಡಬೇಕು, ನೀರು ಐಸಾದಾಗ ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಕ್ಯಾನಿನೊಳಗಿನ ನೀರಿನ ಮಟ್ಟ ಹೊರಗಿನ ಬ್ರೈನ್ ಮಟ್ಟಕ್ಕಿಂತ ಒಂದಂಗುಲ ಕೆಳಗಿದ್ದರೆ ತಲೆಯವರೆಗೂ ಸಮನಾಗಿ ಗಟ್ಟಿಯಾಗುತ್ತದೆ. ಬ್ರೈನ್ ನೀರಿಗಿಂತ ಭಾರ, ಹಾಗಾಗಿ ಕ್ಯಾನ್ ತೇಲಲು ನೋಡುತ್ತದೆ. ಅದನ್ನು ಅದುಮಿ ಹಿಡಿಯಲು ಅಡ್ಡಪಟ್ಟಿ ಬೇಕು. ಪಟ್ಟಿ ಸಡಿಲಾದ ಕ್ಯಾನ್ ವಾಲಿ ಬ್ರೈನ್ ಕುಡಿಯುತ್ತದೆ.

ಎಷ್ಟು ಹೊತ್ತು? ಗಡ್ಡೆಯ ದಪ್ಪವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದರ ವರ್ಗವನ್ನು 0.6ರಿಂದ ಗುಣಿಸಿ, ಬ್ರೈನ್ ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗಿದೆಯೋ ಅದರಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. 19 ಸೆಂ.ಮೀ. ದಪ್ಪಕ್ಕೆ ಮೈನಸ್ 10ರಲ್ಲಿ 22 ಗಂಟೆ. 15 ಸೆಂ.ಮೀ. ಆದರೆ ಹದಿಮೂರೂವರೆ ಗಂಟೆ ಸಾಕು. ದಪ್ಪ ಎರಡರಷ್ಟಾದರೆ ಸಮಯ ನಾಲ್ಕರಷ್ಟು, ಯಾಕೆಂದರೆ ಮೊದಲು ಕಟ್ಟಿದ ಐಸೇ ಒಳಗಿನ ನೀರಿಗೆ ಹೊದಿಕೆಯಾಗುತ್ತದೆ. ಬೇಗ ಆಗಲೆಂದು ಬ್ರೈನನ್ನು ಮೈನಸ್ 14ಕ್ಕೆ ಇಳಿಸುವವರಿದ್ದಾರೆ. ಬೇಗ ಆಗುತ್ತದೆ ನಿಜ, ಆದರೆ ಕರೆಂಟ್ ಬಿಲ್ಲು ಏರುತ್ತದೆ, ಕ್ಯಾನಿನಿಂದ ಬಿಡಿಸಲು ನೀರಿನ ತೊಟ್ಟಿಗೆ ಅದ್ದಿದ ಕೂಡಲೇ ಗಡ್ಡೆ ಚಟಚಟನೆ ಬಿರುಕು ಬಿಡುತ್ತದೆ. ಬಿಡಿಸುವ ತೊಟ್ಟಿಯ ನೀರು ಸಾಮಾನ್ಯ ತಾಪದಲ್ಲಿದ್ದರೆ ಸಾಕು. ಕುದಿನೀರು ಸುರಿದರೆ ಒಳ್ಳೆಯ ಗಡ್ಡೆಯೂ ಒಡೆಯುತ್ತದೆ.

ಗಡ್ಡೆಯ ನಡುವೆ ಹಾಲಿನಂಥ ಬಿಳುಪು ಯಾಕೆ ಎಂಬ ಪ್ರಶ್ನೆಗೆ ಉತ್ತರ ನೀರಿನಲ್ಲಿದೆ. ಐಸ್ ಕಟ್ಟುವಾಗ ನೀರು ತನ್ನೊಳಗಿನ ಗಾಳಿ, ಲವಣಗಳನ್ನು ಒಳಕ್ಕೆ ದೂಡುತ್ತ ಹೋಗುತ್ತದೆ. ಕೊನೆಗೆ ಹೆಪ್ಪುಗಟ್ಟುವ ನಡುವಿನ ತಿರುಳಿನಲ್ಲಿ ಅವೆಲ್ಲ ಸೇರುತ್ತವೆ. ಕಣ್ಣಾಡಿಯಂಥ ಗಡ್ಡೆ ಬೇಕಿದ್ದರೆ ಸಣ್ಣ ಕೊಳವೆ ಇಳಿಬಿಟ್ಟು ಗಾಳಿ ಊದುತ್ತ ನೀರನ್ನು ಕದಡುತ್ತಿರಬೇಕು. ಕೊನೆಗೆ ಬೆರಳೆಣಿಕೆಯ ಸೆಂಟಿಮೀಟರ್ ತಿರುಳು ಉಳಿದಾಗ ಆ ನೀರನ್ನು ಹೀರಿ ತೆಗೆದು ಶುದ್ಧ ನೀರು ತುಂಬಬೇಕು. ಹಬೆಯಂತ್ರದ ಕಾಲದಲ್ಲಿ ಇನ್ನೊಂದು ಜಾಣತನವಿತ್ತು: ಯಂತ್ರದಿಂದ ಹೊರಬಿದ್ದ ಹಬೆಯನ್ನೇ ತಣಿಸಿ, ಎಣ್ಣೆ ಸೋಸಿ, ಆ ಬಟ್ಟಿ ನೀರನ್ನು ಕ್ಯಾನಿಗೆ ಹಾಕುತ್ತಿದ್ದರು. ಗಂಗಾ ಸ್ನಾನ, ತುಂಗಾ ಪಾನ ಎಂಬ ಮಾತು ಐಸಿಗೂ ಬಿಯರಿಗೂ ಸಲ್ಲುತ್ತದೆ. ಪಿಲ್ಸೆನ್ ಊರಿನ ಬಿಯರಿಗೆ ಹೆಸರು ತಂದದ್ದೂ ಅಲ್ಲಿಯ ಮೆದುನೀರೇ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಗಡ್ಡೆಗಿಂತ ಹೆಚ್ಚು ಕೆಡುವುದು ಕಂಡೆನ್ಸರ್. ಪೈಪಿನ ಮೇಲೆ ಸುಣ್ಣದ ಹಕ್ಕಳೆ ಕಟ್ಟುತ್ತದೆ, ಡಿಸ್ಚಾರ್ಜ್ ಒತ್ತಡ ತಿಂಗಳಿಂದ ತಿಂಗಳಿಗೆ ಏರುತ್ತದೆ.

ಒತ್ತಡ ದಿಢೀರನೆ ಏರಿದ್ದರೆ ಹಕ್ಕಳೆಯಲ್ಲ, ಒಳಗೆ ಗಾಳಿ ಸೇರಿದೆ ಎಂದು ಮೊದಲು ಅನುಮಾನಿಸಬೇಕು. ಗಾಳಿ ಹೊರಬಿಡುವ ಪರ್ಜ್ ವಾಲ್ವಿನ ರಬ್ಬರ್ ಟ್ಯೂಬನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಸ್ವಲ್ಪವೇ ತೆರೆಯಬೇಕು. ಗುಳ್ಳೆ ಮೇಲೆದ್ದು ಬಂದರೆ ಗಾಳಿ, ಬಿಡುತ್ತಿರಿ. ಗುಳ್ಳೆ ಬರದೆ ನೀರೊಳಗೇ ಚಿಟಿಚಿಟಿ ಸದ್ದಾಗಿ ಕರಗಿಹೋದರೆ ಅಮೋನಿಯಾ, ತಕ್ಷಣ ಮುಚ್ಚಿ. ಟ್ಯೂಬನ್ನು ನೀರಿಂದ ತೆಗೆದ ಮೇಲೆ ಮುಚ್ಚುವುದಲ್ಲ, ಮುಚ್ಚಿದ ಮೇಲೆ ತೆಗೆಯುವುದು. ಸೋರಿಕೆ ಹುಡುಕಲು ಗಂಧಕದ ಬತ್ತಿ ಹಚ್ಚಿ ಜಾಯಿಂಟುಗಳ ಹತ್ತಿರ ಹಿಡಿದರೆ ದಟ್ಟ ಬಿಳಿ ಹೊಗೆ ಏಳುತ್ತದೆ. ಬ್ರೈನಿನೊಳಗೇ ಸೋರುತ್ತಿದ್ದರೆ ಮೂಗಿಗೆ ತಿಳಿಯದು. ಬ್ರೈನಿನ ಸ್ಯಾಂಪಲ್ಲಿಗೆ ಅಮೋನಿಯಾ ಪತ್ತೆಹಚ್ಚುವ ನೆಸ್ಲರ್ ದ್ರಾವಣ ಹಾಕಿದರೆ ಹಳದಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ದೊಡ್ಡ ಸೋರಿಕೆಯಾದರೆ ಧೈರ್ಯ ತೋರಿಸುವ ಕೆಲಸ ಬೇಡ: ಗಾಳಿಗೆ ಎದುರಾಗಿ ಹೊರಗೆ ಓಡಬೇಕು, ಒಳಹೋಗುವವರು ಉಸಿರಾಟದ ಸಾಧನ ಹಾಕಿಕೊಂಡೇ ಹೋಗಬೇಕು. ಹೊರಗೆ ಹರಡಿದ ಆವಿಯನ್ನು ತಗ್ಗಿಸುವುದು ನೀರಿನ ಸಿಂಪಡಣೆ. ನೆಲದ ಮೇಲೆ ನಿಂತ ದ್ರವ ಅಮೋನಿಯಾಕ್ಕೆ ಮಾತ್ರ ನೀರು ಬೀಳಬಾರದು, ಆವಿ ಇಮ್ಮಡಿಯಾಗಿ ಏಳುತ್ತದೆ.

ಮತ್ತೆ ಬುಶ್‌ನ ಕಡೆಗೆ. 1876ರಲ್ಲಿ ಅವನು ಗೆಳೆಯ ಕಾರ್ಲ್ ಕಾನ್ರಾಡ್ ಜೊತೆ ಬಡ್ವೈಸರ್ ಎಂಬ ತಿಳಿ ಲಾಗರ್ ಹೊರತಂದ. ಅದರಲ್ಲಿ ಬಾರ್ಲಿಯ ಜೊತೆಗೆ ಅಕ್ಕಿ ಇದೆ. ಅಕ್ಕಿಯನ್ನು ಬರೀ ಉಳಿತಾಯದ ಉಪಾಯವೆಂದು ಬೈಯುವವರಿದ್ದಾರೆ, ನನಗದು ಪೂರ್ತಿ ಒಪ್ಪಿಗೆಯಿಲ್ಲ. ಅಮೆರಿಕದ ಆರು ಸಾಲಿನ ಬಾರ್ಲಿಯಲ್ಲಿ ಪ್ರೋಟೀನ್ ಜಾಸ್ತಿ. ತಣ್ಣಗಾದಾಗ ಬಿಯರ್ ಮಬ್ಬಾಗುತ್ತದೆ. ಅಕ್ಕಿಯಲ್ಲಿ ಬಹುಪಾಲು ಪಿಷ್ಟವೇ. ಸೇರಿಸಿದರೆ ಬಿಯರ್ ತಿಳಿಯಾಗುತ್ತದೆ, ಹಗುರವಾಗುತ್ತದೆ. ಬೇಕಾದದ್ದು ನುಚ್ಚಕ್ಕಿಯೇ, ಇಡೀ ಅಕ್ಕಿ ಅಲ್ಲ.

ಕೆಲಸದ ಕ್ರಮ ನಮ್ಮ ಅಡುಗೆಮನೆಗೆ ದೂರದ್ದಲ್ಲ. ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುವುದು ಗೊತ್ತಿದ್ದವರಿಗೆ ಮಾಲ್ಟ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಬಾರ್ಲಿಯನ್ನು ನೂರಕ್ಕೆ 45 ತೇವ ಬರುವವರೆಗೆ ನೆನೆಸಿ, ನಾಲ್ಕೈದು ದಿನ ಮೊಳಕೆಗೆ ಬಿಟ್ಟು, 80 ಡಿಗ್ರಿಯ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು 62ರಿಂದ 72 ಡಿಗ್ರಿಯ ನೀರಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಅಕ್ಕಿಯ ಪಿಷ್ಟ ಬೇಯಲು ಅದಕ್ಕಿಂತ ಹೆಚ್ಚು ಬಿಸಿ ಬೇಕು, ಕಿಣ್ವ ಆ ಬಿಸಿಗೆ ಸಾಯುತ್ತದೆ. ಅದಕ್ಕೇ ನುಚ್ಚನ್ನು ಸ್ವಲ್ಪ ಮಾಲ್ಟಿನ ಜೊತೆ ಬೇರೆ ಹಂಡೆಯಲ್ಲಿ ಕುದಿಸಿ ಗಂಜಿ ಮಾಡಿ, ಆ ಬಿಸಿ ಗಂಜಿಯನ್ನು ಮಾಲ್ಟಿನ ಹಂಡೆಗೆ ಸುರಿಯುವುದು. ಹಾಗೆ ಸುರಿದಾಗಲೇ ಇಡೀ ಹಂಡೆಯ ತಾಪ 50ರಿಂದ 65ರ ಆಸುಪಾಸಿಗೆ ಏರುತ್ತದೆ. ಮಾಲ್ಟ್ ಹಾಕದೆ ಕುದಿಸಿದ ಗಂಜಿ ಗೋಂದಾಗಿ ತಳ ಹಿಡಿಯುತ್ತದೆ. ಪಿಷ್ಟ ಮುಗಿಯಿತೇ ಎಂದು ತಿಳಿಯಲು ಬಿಳಿ ತಟ್ಟೆಯಲ್ಲಿ ಒಂದು ಹನಿ ರಸಕ್ಕೆ ಒಂದು ಹನಿ ಅಯೋಡಿನ್: ನೀಲಿಗಪ್ಪಾದರೆ ಇನ್ನೂ ಕಾಯಬೇಕು. ನಮ್ಮ ರಾಜ್ಯದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಇದನ್ನು ಮನೆಯಲ್ಲಿ ಮಾಡುವಂತಿಲ್ಲ, ನೆನಪಿರಲಿ.

ಮಾಡಿದ ಬಿಯರನ್ನು ಟೆಕ್ಸಾಸಿನ ಸೆಕೆಗೆ ಮುಟ್ಟಿಸುವುದು ಹೇಗೆ? ಬುಶ್ ಎರಡು ದಾರಿ ಹಿಡಿದ. ಬಾಟಲಿ ಬಿಯರಿಗೆ ಪಾಶ್ಚರೀಕರಣ, ಮುಚ್ಚಿದ ಬಾಟಲಿಯನ್ನು ಸುಮಾರು 60 ಡಿಗ್ರಿಯಲ್ಲಿ 20 ನಿಮಿಷ ಇಡುವುದು. ಹಂತಹಂತವಾಗಿ ಬಿಸಿ ಮಾಡಿ ಹಂತಹಂತವಾಗಿ ಆರಿಸದಿದ್ದರೆ ಗಾಜು ಸಿಡಿಯುತ್ತದೆ. ಕತ್ತಿನಲ್ಲಿ ಗಾಳಿಜಾಗ ಬಿಡದಿದ್ದರೂ ಅಷ್ಟೇ. ಪೀಪಾಯಿ ಬಿಯರಿಗೆ ಮಾತ್ರ ಚಳಿಯೇ ಗತಿ. ಅದಕ್ಕೆ ಐಸ್ ತುಂಬಿದ ರೈಲು ವ್ಯಾಗನ್ನುಗಳು, ಆ ವ್ಯಾಗನ್ನುಗಳಿಗೆ ದಾರಿಯಲ್ಲಿ ಮತ್ತೆ ಐಸ್ ಹಾಕಲು ಹಳಿಯ ಪಕ್ಕದಲ್ಲೇ ಐಸ್ ಮನೆಗಳ ಸಾಲು. 1878ರಲ್ಲಿ ಸೇಂಟ್ ಲೂಯಿಸ್ ರೆಫ್ರಿಜರೇಟರ್ ಕಾರ್ ಕಂಪನಿ ಎಂಬ ಸ್ವಂತ ವ್ಯಾಗನ್ ಕಂಪನಿಯೇ ಹುಟ್ಟಿತು. ಬೇರೆಯವರು ಬಿಯರ್ ಮಾರಿದರು, ಇವನು ಮೊದಲು ದಾರಿಯುದ್ದಕ್ಕೂ ಚಳಿ ಹಾಸಿದ.

ನಮ್ಮ ಮೀನು ಪೆಟ್ಟಿಗೆಗೆ ಇದನ್ನು ಹೊಂದಿಸಿ ನೋಡಿ. 30 ಡಿಗ್ರಿಯ ಒಂದು ಕೆ.ಜಿ. ಮೀನನ್ನು ಸೊನ್ನೆಗೆ ಇಳಿಸಲು ಸುಮಾರು 24 ಕಿಲೋಕ್ಯಾಲರಿ ಸಾಕು, ಅಂದರೆ 300 ಗ್ರಾಂ ಐಸ್. ಆದರೂ ಮೀನಿಗೆ ಸಮತೂಕ ಐಸ್ ಹಾಕಬೇಕು ಎಂಬುದು ಉಷ್ಣ ದೇಶಗಳ ನಿಯಮ. ಉಳಿದ 700 ಗ್ರಾಂ ಪೆಟ್ಟಿಗೆಯ ಗೋಡೆ ದಾಟಿ ಬರುವ ಬಿಸಿಗೆ ಕೊಡುವ ಸುಂಕ. ಗೋಡೆ ಚೆನ್ನಾಗಿದ್ದರೆ ಸುಂಕ ಕಡಿಮೆ. ಥರ್ಮಾಕೋಲ್ ಮುರಿದ ಮೂಲೆ, ಸರಿಯಾಗಿ ಕೂರದ ಮುಚ್ಚಳ, ಲಾರಿಯ ತಳದ ಬಿಸಿ ತಗಡು, ಇವೇ ಕಳ್ಳರು. ಗಡ್ಡೆಯನ್ನು ತೆಂಗಿನಕಾಯಿಯಷ್ಟು ದಪ್ಪ ಬಿಡದೆ ಸಣ್ಣಗೆ ಪುಡಿಮಾಡಿ ತಳಕ್ಕೊಂದು ಪದರ, ಮೀನಿನ ಸಾಲುಗಳ ನಡುವೆ, ಬದಿಗಳಿಗೆ, ಕೊನೆಗೆ ತಲೆಯ ಮೇಲೆ ದಪ್ಪಗೆ ಹಾಕಬೇಕು. ತಳದಲ್ಲಿ ನೀರು ಹರಿದುಹೋಗಲು ತೂತಿರಬೇಕು. ಕರಗಿದ ನೀರಿನಲ್ಲಿ ನಿಂತ ಮೀನು ಬಿಳಿಚಿಕೊಳ್ಳುತ್ತದೆ.

ಇಡೀ ಗಡ್ಡೆಗಳನ್ನು ಕಾಯ್ದಿಡಲು ಮಲೆನಾಡಿನಲ್ಲಿ ಸಾಮಿಲ್ಲಿನ ಹೊಟ್ಟು, ಅಕ್ಕಿ ಗಿರಣಿಯ ಉಮಿ ಎರಡೂ ಅಗ್ಗ, ಎರಡೂ ಒಳ್ಳೆಯವೇ. ಒಣಗಿರುವವರೆಗೆ ಮಾತ್ರ. ಹೊಟ್ಟು ಬಿಸಿ ತಡೆಯುವುದು ಅದರ ಸಂದುಗಳಲ್ಲಿ ಸಿಕ್ಕ ಗಾಳಿಯಿಂದ. ಆ ಜಾಗಕ್ಕೆ ನೀರು ಹೊಕ್ಕರೆ ಹೊದಿಕೆ ಹೋಗಿ ಸೇತುವೆಯಾಗುತ್ತದೆ. ಟ್ಯೂಡರ್‌ನ ಹೊಟ್ಟು ನಾಲ್ಕು ತಿಂಗಳು ಕಾದಿತ್ತು. ಇಲ್ಲಿಯ ಜುಲೈನಲ್ಲಿ ಬಯಲಿಗಿಟ್ಟ ಹೊಟ್ಟು ನಾಲ್ಕು ದಿನವೂ ಕಾಯುವುದಿಲ್ಲ. ಅದೃಷ್ಟಕ್ಕೆ ಜೂನ್, ಜುಲೈ ಎರಡು ತಿಂಗಳು ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ, ಐಸಿನ ಬೇಡಿಕೆಯೂ ತಗ್ಗಿರುತ್ತದೆ. ಪ್ಲಾಂಟಿನ ಗೋಡೆಯೊಳಗಿನ ಥರ್ಮಾಕೋಲಿಗೂ ಇದೇ ಶತ್ರು. ತೇವ ತಡೆಯುವ ಟಾರಿನ ಪದರ ಬಿಸಿ ಬದಿಗೆ, ಅಂದರೆ ಹೊರಬದಿಗೆ ಇರಬೇಕು. ಒಳಬದಿಗೆ ಹಚ್ಚಿದರೆ ಹೊರಗಿನ ತೇವ ಒಳಹೊಕ್ಕು ಅಲ್ಲೇ ನೀರಾಗಿ ಕೂತುಬಿಡುತ್ತದೆ.

ಇನ್ನು ಮಳೆಗಾಲದ ಕರೆಂಟು. ಇಲ್ಲೂ ಬುಶ್‌ನ ನೆರಳಿದೆ: ರುಡಾಲ್ಫ್ ಡೀಸೆಲ್‌ನ ಎಂಜಿನ್ನಿಗೆ ಅಮೆರಿಕದ ಹಕ್ಕು ಕೊಂಡವನು ಅವನೇ, ಆ ದೇಶದ ಮೊದಲ ಡೀಸೆಲ್ ಎಂಜಿನ್ 1898ರಲ್ಲಿ ಓಡಿದ್ದು ಸೇಂಟ್ ಲೂಯಿಸ್‌ನಲ್ಲಿ. ಶರಾವತಿಯ ಮಡಿಲಲ್ಲೇ ಇದ್ದರೂ ಮರ ಬಿದ್ದು ಲೈನ್ ಹೋದರೆ ನಾವು ಹುಡುಕುವುದು ಡೀಸೆಲ್ ಜನರೇಟರನ್ನೇ. 10 ಟನ್ ಪ್ಲಾಂಟಿನಲ್ಲಿ 20,000 ಲೀಟರ್ ಬ್ರೈನ್ ಇದ್ದು ಎಲ್ಲ ಕ್ಯಾನುಗಳೂ ಅರ್ಧ ಕಟ್ಟಿದ್ದರೆ, ಯಂತ್ರ ನಿಂತ ಮೊದಲ ಗಂಟೆಯಲ್ಲೇ ಬ್ರೈನ್ ಎರಡು ಡಿಗ್ರಿ ಏರುತ್ತದೆ. ಆಮೇಲೆ ಏರಿಕೆ ನಿಧಾನ. ಹೊಸ ನೀರು ತುಂಬುವುದು ನಿಲ್ಲಿಸಿ, ಮುಚ್ಚಳ ತೆರೆಯಬೇಡಿ. ಜನರೇಟರ್ ಹತ್ತಿದ ಮೇಲೆ ಮೊದಲು ಕಂಡೆನ್ಸರಿನ ನೀರಿನ ಪಂಪು, ಆಮೇಲೆ ಬ್ರೈನ್ ಕದಡುವ ಫ್ಯಾನು, ಕೊನೆಗೆ ಬೈಪಾಸ್ (ಹೊರೆಯಿಲ್ಲದೆ ಹೊರಡಿಸುವ ಅಡ್ಡದಾರಿಯ ವಾಲ್ವು) ತೆರೆದು ಕಂಪ್ರೆಸರ್. ಸಕ್ಷನ್ ವಾಲ್ವನ್ನು ಕಾಲು ಸುತ್ತು ಕಾಲು ಸುತ್ತಾಗಿ ಬಿಡಿಸಬೇಕು. ಒಮ್ಮೆಲೇ ತೆರೆದರೆ ನಿಂತಿದ್ದ ಹೊತ್ತಿನಲ್ಲಿ ಕಾಯಿಲಿನಲ್ಲಿ ಸೇರಿದ ದ್ರವ ಅಮೋನಿಯಾ ನುಗ್ಗಿ ಸಿಲಿಂಡರಿನಲ್ಲಿ ಸುತ್ತಿಗೆ ಬಡಿದ ಸದ್ದಾಗುತ್ತದೆ. ಆ ಸದ್ದು ಕೇಳಿದ ಕೂಡಲೇ ಸಕ್ಷನ್ ಮುಚ್ಚಿ. ವಾಲ್ವ್ ಪ್ಲೇಟು ಮುರಿದರೆ ಆ ದಿನದ ಐಸೂ ಇಲ್ಲ, ಮಾರನೆಯ ದಿನದ್ದೂ ಇಲ್ಲ.